ಹದಿನೈದು ನಿಮಿಷದ ಊಟ

ಅಡುಗೆ ಪುಸ್ತಕಗಳಲ್ಲಿ ‘ಬೇಕಾಗುವ ಸಮಯ: 15 ನಿಮಿಷ’ ಎಂದು ಬರೆಯುವವರ ಗಡಿಯಾರವೇ ಬೇರೆ. ಈರುಳ್ಳಿ ಸುಲಿಯುವಾಗ ಅದು ನಿಂತಿರುತ್ತದೆ, ಒಲೆ ಹಚ್ಚಿದ ಮೇಲೆ ಓಡತೊಡಗುತ್ತದೆ, ಬಾಣಲೆ ತಿಕ್ಕುವ ಹೊತ್ತಿಗೆ ಮತ್ತೆ ನಿಲ್ಲುತ್ತದೆ. ಸಾಮಗ್ರಿಗಳ ಪಟ್ಟಿಯಲ್ಲಿ ‘ಸಣ್ಣಗೆ ಹೆಚ್ಚಿದ ಈರುಳ್ಳಿ, ಅರ್ಧ ಬಟ್ಟಲು’ ಎಂದಿರುತ್ತದೆ. ಈರುಳ್ಳಿ ಹೊಲದಲ್ಲೇ ಹೆಚ್ಚಿಸಿಕೊಂಡು ಬಂದಿದೆ ಎಂದು ಓದುವವರು ತಿಳಿಯಬೇಕು. ಅದರ ಕೆಳಗಿನ ಸಾಲಿನ ಧೈರ್ಯ ಇನ್ನೂ ದೊಡ್ಡದು: ‘ಬಿಸಿ ಅನ್ನ, ಎರಡು ಬಟ್ಟಲು.’ ಅಕ್ಕಿ ತೊಳೆದವರು ಯಾರು, ನೆನೆಹಾಕಿದವರು ಯಾರು, ಬೇಯುವ ತನಕ ಕಾದವರು ಯಾರು ಎಂಬುದಕ್ಕೆಲ್ಲ ಆ ಪುಟದಲ್ಲಿ ಜಾಗವಿಲ್ಲ.

ಈ ಗಡಿಯಾರಕ್ಕೆ ಬಹಳ ಪ್ರಿಯವಾದ ಅಡುಗೆಯೊಂದಿದೆ. ಬಟ್ಟಲಲ್ಲಿ ಬಿಸಿ ಅನ್ನ, ಅದರ ಮೇಲೆ ಉಪ್ಪು-ಸಿಹಿ-ಶುಂಠಿ ಹಿಡಿದ ದನದ ಕೈಮಾ, ಇಷ್ಟೇ. ಜಪಾನಿನಲ್ಲಿ ಇದು ಸೊಬೊರೊ ದೊನ್, ಒಕಿನಾವಾ ದ್ವೀಪದಲ್ಲಿ ಟಾಕೊ ರೈಸ್, ಹವಾಯಿಯಲ್ಲಿ ಲೊಕೊ ಮೊಕೊ, ಥಾಯ್ಲೆಂಡಿನಲ್ಲಿ ಪಾಡ್ ಕ್ರಪಾವ್. ಮಸಾಲೆ ಬೇರೆ, ಊರು ಬೇರೆ, ಹೊಗಳಿಕೆ ಮಾತ್ರ ಒಂದೇ: ಬೇಗ ಆಗುತ್ತದೆ. ಬೇಗ ಆಗುವುದು ಸುಳ್ಳಲ್ಲ. ಬಾಕಿ ಹೊತ್ತನ್ನು ಬೇರೆ ಯಾರೋ ಮೊದಲೇ ಖರ್ಚು ಮಾಡಿಟ್ಟಿರುತ್ತಾರೆ, ಅಷ್ಟೇ.

ಟೋಕಿಯೋದ ಪೂರ್ವ ಭಾಗದ ಎದೊಗಾವಾ ವಾರ್ಡಿನಲ್ಲಿ ನಿಶಿ-ಕಸಾಯಿ ಎಂಬ ಬಡಾವಣೆಯಿದೆ. ಭಾರತದ ಸಾಫ್ಟ್‌ವೇರ್ ಮಂದಿ ಮನೆ ಮಾಡಿಕೊಂಡು ಹೆಸರಾದ ಜಾಗ. ಮಂಗಳವಾರ ರಾತ್ರಿ ಎಂಟಕ್ಕೆ ಅಲ್ಲಿ ರೈಲಿಳಿದು ಸೂಪರ್‌ಮಾರ್ಕೆಟ್ ಹೊಕ್ಕ ಹಾಸನದ ಕಡೆಯ ಹುಡುಗನೊಬ್ಬನನ್ನು ಊಹಿಸಿಕೊಳ್ಳಬಹುದು. ಆ ಹೊತ್ತಿಗೆ ಅಂಗಡಿಯವರು ಉಳಿದ ಮಾಂಸದ ಪೊಟ್ಟಣಗಳಿಗೆ ಅರ್ಧ ಬೆಲೆಯ ಚೀಟಿ ಅಂಟಿಸುತ್ತ ಬರುತ್ತಾರೆ. ಅವರ ಹಿಂದೆ ನಾಲ್ಕೈದು ಜನ, ಹಿಂಬಾಲಿಸುತ್ತಿಲ್ಲ ಎಂಬಂಥ ಮುಖ ಮಾಡಿಕೊಂಡು, ಹಿಂಬಾಲಿಸುತ್ತಿರುತ್ತಾರೆ. ಕಪಾಟಿನಲ್ಲಿ ದನದ ಕೈಮಾ, ಹಂದಿಯ ಕೈಮಾ, ಕೋಳಿಯ ಕೈಮಾ ಬೇರೆ ಬೇರೆ ಇವೆ. ದನ-ಹಂದಿ ಬೆರೆಸಿದ್ದೂ ಇದೆ, ಮನೆ ಅಡುಗೆಗೆ ಹೆಚ್ಚಾಗಿ ಹೋಗುವುದು ಅದೇ. ಹುಡುಗ ದನದ್ದನ್ನು ಎತ್ತಿಕೊಳ್ಳುತ್ತಾನೆ. ಅಷ್ಟರಲ್ಲಿ ಊರಿನಿಂದ ಫೋನು.

‘ಏನ್ ಮಗಾ ಅಡುಗೆ?’

‘ಕೈಮಾ ಕಣಮ್ಮ.’

ಯಾವುದರ ಕೈಮಾ ಎಂದು ಅಮ್ಮ ಕೇಳುವುದಿಲ್ಲ, ಇವನು ಹೇಳುವುದಿಲ್ಲ. ಹಾಸನದಲ್ಲಿ ಕೈಮಾ ಎಂದರೆ ಕುರಿಯದ್ದು, ಅದು ಉಂಡೆಯಾಗಿ ಸಾರಿನಲ್ಲಿ ಕುದಿಯಬೇಕು, ಪಕ್ಕದಲ್ಲಿ ಮುದ್ದೆ ಇರಬೇಕು. ಅಷ್ಟೂ ಚಿತ್ರ ಅಮ್ಮನ ಕಣ್ಣ ಮುಂದಿದೆ. ಸಾವಿರಾರು ಕಿಲೋಮೀಟರ್ ದೂರದಿಂದ ಅದನ್ನು ಅಳಿಸುವ ಅಗತ್ಯ ಯಾರಿಗೂ ಕಾಣುವುದಿಲ್ಲ.

ಬೇರೆಯವರು ಖರ್ಚು ಮಾಡಿಟ್ಟ ಹೊತ್ತಿನ ಲೆಕ್ಕವನ್ನು ಅನ್ನದಿಂದ ತೆಗೆಯಬಹುದು. ತೋಷಿಬಾ ಕಂಪನಿ ತನ್ನ ಮೊದಲ ಆಟೊಮ್ಯಾಟಿಕ್ ವಿದ್ಯುತ್ ಕುಕ್ಕರನ್ನು ಮಾರುಕಟ್ಟೆಗೆ ಬಿಟ್ಟದ್ದು 1955ರಲ್ಲಿ. ಅದನ್ನು ರೂಪಿಸಿದವರು ಸಣ್ಣ ಕಾರ್ಖಾನೆಯೊಂದರ ಒಡೆಯ ಯೊಶಿತಾದಾ ಮಿನಾಮಿ. ಮತ್ತೆ ಮತ್ತೆ ಅಕ್ಕಿ ಬೇಯಿಸಿ, ಹೊತ್ತು ನೋಡಿ, ಶಾಖ ಅಳೆದು ಬರೆದಿಟ್ಟವರು ಅವರ ಹೆಂಡತಿ ಫುಮಿಕೊ. ಕುದಿ ಬಂದ ಮೇಲೆ ಸುಮಾರು 20 ನಿಮಿಷ ಬೆಂದರೆ ಅನ್ನ ಹದವಾಗುತ್ತದೆ ಎಂಬುದು ಗೊತ್ತಾಯಿತು. ಹೊತ್ತಾಯಿತೆಂದು ಪಾತ್ರೆಗೆ ತಿಳಿಸುವುದು ಹೇಗೆ? ಅದಕ್ಕೆ ಮಾಡಿದ ಉಪಾಯ ನಮ್ಮ ಅಜ್ಜಿಯರೂ ತಲೆದೂಗುವಂಥದು. ಒಳಪಾತ್ರೆಯಲ್ಲಿ ಅಕ್ಕಿ ಮತ್ತು ನೀರು, ಹೊರಪಾತ್ರೆಯಲ್ಲಿ ಒಂದು ಲೋಟ ನೀರು. ಹೊರಗಿನ ನೀರು ಸುಮಾರು 20 ನಿಮಿಷದಲ್ಲಿ ಆವಿಯಾಗುತ್ತದೆ. ಅದು ಇರುವ ತನಕ ಶಾಖ 100 ಡಿಗ್ರಿ ದಾಟುವುದಿಲ್ಲ. ಮುಗಿದ ಕೂಡಲೇ ದಾಟುತ್ತದೆ. ಆಗ ಎರಡು ಲೋಹ ಬೆಸೆದ ಪಟ್ಟಿಯೊಂದು ಬಿಸಿಗೆ ಬಾಗಿ ಸ್ವಿಚ್ ಆರಿಸುತ್ತದೆ.

ಈಗಿನ ಕುಕ್ಕರುಗಳಿಗೆ ಚಿಪ್ ಬಂದಿದೆ, ಟೈಮರ್ ಬಂದಿದೆ, ಅನ್ನ ಆಯಿತೆಂದು ಸಂಗೀತ ನುಡಿಸುವಷ್ಟು ಸಂಸ್ಕಾರವೂ ಬಂದಿದೆ. ಹುಡುಗ ಬೆಳಿಗ್ಗೆಯೇ ಅಕ್ಕಿ ತೊಳೆದು, ಟೈಮರ್ ಒತ್ತಿ ಆಫೀಸಿಗೆ ಹೋಗಿದ್ದಾನೆ. ರಾತ್ರಿಯ ಹದಿನೈದು ನಿಮಿಷದ ಊಟ ಶುರುವಾದದ್ದು ಬೆಳಿಗ್ಗೆ ಏಳಕ್ಕೆ. ಫುಮಿಕೊ ಬೇಯಿಸಿ ನೋಡಿದ ಅಷ್ಟೂ ಅನ್ನದ ಹೊತ್ತನ್ನು ಯಾವ ಪುಸ್ತಕವೂ ಇದಕ್ಕೆ ಕೂಡಿಸಿಲ್ಲ.

ಅನ್ನದ ಜಾತಿಯೂ ಇಲ್ಲಿ ಮುಖ್ಯ. ಜಪಾನಿನ ಗಿಡ್ಡ ಅಕ್ಕಿಯಲ್ಲಿ ಅಮೈಲೋಸ್ ಎಂಬ ಪಿಷ್ಟದ ಅಂಶ ಕಡಿಮೆ, ಹಾಗಾಗಿ ಬೆಂದ ಅಗುಳು ಪಕ್ಕದ ಅಗುಳನ್ನು ಬಿಡುವುದಿಲ್ಲ. ಹಾಸನದ ಮದುವೆ ಊಟದಲ್ಲಿ ಇಂಥ ಅನ್ನ ಬಡಿಸಿದರೆ ‘ಅನ್ನ ಮುದ್ದೆಯಾಗಿದೆ’ ಎಂದು ಅಡುಗೆ ಭಟ್ಟರ ಸಂಬಳ ಹಿಡಿಯುವವರಿದ್ದಾರೆ. ಟೋಕಿಯೋದಲ್ಲಿ ಅದೇ ಗುಣಕ್ಕೆ ಜನ ಹೆಚ್ಚು ದುಡ್ಡು ಕೊಡುತ್ತಾರೆ. ಕೈಮಾ ಪುಡಿಪುಡಿಯಾಗಿರುವುದರಿಂದ ಕೆಳಗಿನ ಅನ್ನವಾದರೂ ಒಗ್ಗಟ್ಟಾಗಿರಬೇಕು. ಇಬ್ಬರೂ ಉದುರುವವರಾದರೆ ಕಡ್ಡಿ ಹಿಡಿದವನಿಗೆ ಉಪವಾಸವೇ ಗತಿ.

ಇನ್ನು ಮಾಂಸ. ಸೊಬೊರೊ ಮಾಡುವವರಲ್ಲಿ ಹಲವರು ಒಲೆ ಹಚ್ಚುವ ಮೊದಲೇ ತಣ್ಣಗಿನ ಬಾಣಲೆಗೆ ಎಲ್ಲವನ್ನೂ ಸುರಿಯುತ್ತಾರೆ: 250 ಗ್ರಾಂ ಕೈಮಾ, ಎರಡೆರಡು ಚಮಚ ಸೋಯಾ ಸಾಸ್, ಮಿರಿನ್ (ಸಿಹಿ ಅಕ್ಕಿ ಮದ್ಯ) ಮತ್ತು ಸಾಕೆ (ಅಕ್ಕಿ ಮದ್ಯ), ಒಂದು ಚಮಚ ಸಕ್ಕರೆ, ತುರಿದ ಶುಂಠಿ. ಕಲಸಿದ ಮೇಲೆ ಉರಿ. ಬಿಸಿ ಬಾಣಲೆಗೆ ಹಾಕಿದರೆ ಮಾಂಸ ಗಡ್ಡೆ ಕಟ್ಟುತ್ತದೆ. ತಣ್ಣಗಿರುವಾಗಲೇ ರಸದಲ್ಲಿ ಬಿಡಿಸಿಟ್ಟರೆ ಸಣ್ಣ ಕಾಳಾಗಿ, ಮೆತ್ತಗೆ ಬೇಯುತ್ತದೆ. ತಿರುವಲು ಸೌಟು ಬೇಡ. ನಾಲ್ಕೈದು ಊಟದ ಕಡ್ಡಿಗಳನ್ನು ಒಟ್ಟಿಗೆ ಮುಷ್ಟಿಯಲ್ಲಿ ಹಿಡಿದು ಗರಗರ ಆಡಿಸಬೇಕು. ಎರಡು ಕಡ್ಡಿಯನ್ನೇ ನೆಟ್ಟಗೆ ಹಿಡಿಯಲು ಬಾರದ ಪರದೇಶಿಗೆ ಇದೊಂದು ಸಮಾಧಾನ: ಐದು ಹಿಡಿಯುವುದು ಸುಲಭ. ವಿಡಿಯೋದಲ್ಲಿ ಇದನ್ನು ಕಂಡ ಅಮ್ಮ, ‘ಅದ್ಯಾಕೋ ಪೊರಕೆ ಹಿಡ್ಕೊಂಡು ಅಡುಗೆ ಮಾಡ್ತಿದೀಯ?’ ಎಂದರು.

ಏಳೆಂಟು ನಿಮಿಷದಲ್ಲಿ ರಸ ಇಂಗುತ್ತದೆ. ಪಕ್ಕದ ಒಲೆಯಲ್ಲಿ ಇದೇ ಕಡ್ಡಿಗಳಿಂದ ಮೊಟ್ಟೆಯನ್ನೂ ಪುಡಿಯಾಗಿ ಹುರಿದು, ಹುರುಳಿಕಾಯಿ ಬೇಯಿಸಿ ಹೆಚ್ಚಿಟ್ಟರೆ ಬಟ್ಟಲಿನ ಮೇಲೆ ಕಂದು, ಹಳದಿ, ಹಸಿರು ಪಟ್ಟೆ. ಜಪಾನಿನ ಮಕ್ಕಳ ಊಟದ ಡಬ್ಬಿಯಲ್ಲಿ ಈ ಮೂರು ಬಣ್ಣ ಮಾಮೂಲಿ. ಪಾಕವಿಧಾನದ ಗಡಿಯಾರ ಇಲ್ಲಿಗೆ ಹೆಮ್ಮೆಯಿಂದ ನಿಲ್ಲುತ್ತದೆ. ಆದರೆ ಆ ಎರಡು ಚಮಚ ಸೋಯಾ ಸಾಸ್ ಇದೆಯಲ್ಲ, ಅದು ಸೋಯಾ ಕಾಳು, ಗೋಧಿ, ಉಪ್ಪುನೀರಾಗಿ ತಿಂಗಳುಗಟ್ಟಲೆ ಹುದುಗಿ ಬಂದದ್ದು. ಮಾಂಸವನ್ನು ಕೊಚ್ಚಿದ್ದು ಅಂಗಡಿಯ ಯಂತ್ರ. ಊಟಕ್ಕೆ ಕೂರುವವನು ಕೊನೆಯ ಕಾಲು ಗಂಟೆಗೆ ಬಂದು ಸಹಿ ಹಾಕುವ ಅಧಿಕಾರಿ.

ಅಮೆರಿಕದ ಮನೆಗಳಲ್ಲಿ ಸೊಬೊರೊದ ಇನ್ನೊಂದು ದಾಯಾದಿ ಇದೆ. ಕೊರಿಯಾದ ಬುಲ್ಗೋಗಿ ತೆಳ್ಳಗೆ ಸೀಳಿದ ಮಾಂಸದ್ದು. ಸೀಳುವ ಪುರುಸೊತ್ತಿಲ್ಲದ ಅಮೆರಿಕನ್ನರು ಅದೇ ರುಚಿಯನ್ನು ಕೈಮಾಕ್ಕೆ ದಾಟಿಸಿ ಬೆಳ್ಳುಳ್ಳಿ, ಕಂದು ಸಕ್ಕರೆ, ಎಳ್ಳೆಣ್ಣೆ ಹಾಕುತ್ತಾರೆ. ಅಲ್ಲಿ ಮೊದಲು ಬಾಣಲೆ ಚೆನ್ನಾಗಿ ಕಾಯಬೇಕು, ಮಾಂಸ ಕಂದಾಗಬೇಕು. ಒಮ್ಮೆಗೇ ರಾಶಿ ಸುರಿದರೆ ನೀರು ಬಿಟ್ಟುಕೊಂಡು, ಹುರಿಯುವ ಬದಲು ಬೇಯುತ್ತ ಕೂರುತ್ತದೆ. ಪೊಟ್ಟಣದ ಮೇಲೆ 80/20 ಎಂದಿದ್ದರೆ ಐದರಲ್ಲೊಂದು ಪಾಲು ಕೊಬ್ಬು. ಅಲ್ಲಿನ ಕಾನೂನು ಕೊಬ್ಬನ್ನು ಶೇ. 30ಕ್ಕಿಂತ ಮೇಲೆ ಹೋಗಗೊಡುವುದಿಲ್ಲ. ಒಳಗೆ ಕೆಂಪಗಿರುವ ಸ್ಟೇಕ್ ತಿನ್ನುವ ಅದೇ ಜನ ಕೈಮಾವನ್ನು ಮಾತ್ರ 71 ಡಿಗ್ರಿ ಸೆಲ್ಸಿಯಸ್ ತಲುಪಿಸಿಯೇ ಇಳಿಸಬೇಕೆನ್ನುತ್ತಾರೆ. ಕಾರಣ ಸರಳ. ಇಡೀ ತುಂಡಿನಲ್ಲಿ ಕ್ರಿಮಿಗಳು ಹೆಚ್ಚಾಗಿ ಮೇಲ್ಮೈಯಲ್ಲೇ ಇರುತ್ತವೆ. ಕೊಚ್ಚಿದ ಮೇಲೆ ಒಳಗೂ ಹೊಕ್ಕಿರುತ್ತವೆ. ಅವಸರದ ಊಟದಲ್ಲಿ ಅವಸರ ಮಾಡಬಾರದ ಜಾಗ ಇದೊಂದೇ.

ಜಪಾನಿಗೆ ದನದ ಮಾಂಸ ಬಂದದ್ದಂತೂ ಹದಿನೈದು ನಿಮಿಷದಲ್ಲಿ ಅಲ್ಲ. ಟೆನ್ಮು ಚಕ್ರವರ್ತಿ 675ರಲ್ಲಿ ದನ, ಕುದುರೆ, ನಾಯಿ, ಕೋತಿ, ಕೋಳಿಗಳನ್ನು ತಿನ್ನುವುದಕ್ಕೆ ವರ್ಷದ ಕೆಲವು ತಿಂಗಳು ನಿಷೇಧ ಹಾಕಿದ. ಮುಂದಿನ ಶತಮಾನಗಳಲ್ಲಿ ದನದ ಮಾಂಸ ಊಟದ ಮಣೆಯಿಂದ ಬಹುಪಾಲು ದೂರವೇ ಉಳಿಯಿತು. 1872ರಲ್ಲಿ ಮೇಜಿ ಚಕ್ರವರ್ತಿ ಬೀಫ್ ತಿಂದ ಸುದ್ದಿಯನ್ನು ಊರಿಗೆಲ್ಲ ತಿಳಿಸಲಾಯಿತು. ದೊರೆ ತಿಂದ ಮೇಲೆ ಪ್ರಜೆಗಳಿಗೇನು ಮಡಿ? 1899ರಲ್ಲಿ ಎಯಿಕಿಚಿ ಮತ್ಸುದಾ ಎಂಬವರು ಟೋಕಿಯೋದ ನಿಹೊನ್‌ಬಾಶಿ ಮೀನು ಮಾರುಕಟ್ಟೆಯಲ್ಲಿ ಯೊಶಿನೊಯಾ ಎಂಬ ಅಂಗಡಿ ತೆರೆದು ಅನ್ನದ ಮೇಲೆ ದನದ ಮಾಂಸ ಹಾಕಿ ಕೊಡತೊಡಗಿದರು. ಇದು ಕೈಮಾ ಅಲ್ಲ, ಕಾಗದದಷ್ಟು ತೆಳ್ಳಗೆ ಸೀಳಿದ್ದು, ಹೆಸರು ಗ್ಯೂದೊನ್. ಇಡೀ ದಿನ ಮೀನು ಹೊತ್ತವರು ಊಟಕ್ಕಾದರೂ ಬೇರೆ ಪ್ರಾಣಿಯ ಮುಖ ನೋಡಲಿ ಎಂಬುದು ನ್ಯಾಯವೇ.

ಮುಂದೆ ಕಂಪನಿಯಾಗಿ ಬೆಳೆದ ಯೊಶಿನೊಯಾದ ಘೋಷಣೆ ಮೂರು ಮಾತಿನದು: ರುಚಿ, ಅಗ್ಗ, ಬೇಗ. ಕಾಲ ಕಾಲಕ್ಕೆ ಅದರ ಕ್ರಮ ಬದಲಾಗಿದೆ. ಮೊದಲು ಮುಂಚೂಣಿಯಲ್ಲಿದ್ದ ‘ಬೇಗ’ ಈಗ ಕೊನೆಗೆ ಬಂದಿದೆ. ಬೇಗ ಬೇಕೆಂದು ಬಂದವನೇ ತುಸು ಹೊತ್ತಿನ ಮೇಲೆ ರುಚಿಯ ತಕರಾರು ತೆಗೆಯುತ್ತಾನೆ ಎಂಬುದು ಹೋಟೆಲಿನವರಿಗೆ ಗೊತ್ತು. 2003ರ ಡಿಸೆಂಬರಿನಲ್ಲಿ ಅಮೆರಿಕದ ಹಸುವೊಂದರಲ್ಲಿ ಹುಚ್ಚು ಹಸು ರೋಗ ಪತ್ತೆಯಾಗಿ ಜಪಾನ್ ಅಲ್ಲಿನ ಬೀಫ್ ಆಮದು ನಿಲ್ಲಿಸಿತು. ದಾಸ್ತಾನು ಮುಗಿದು 2004ರ ಫೆಬ್ರುವರಿಯಲ್ಲಿ ಯೊಶಿನೊಯಾ ಗ್ಯೂದೊನ್ ಮಾರಾಟವನ್ನೇ ಕೈಬಿಟ್ಟಿತು. ಬೇರೆ ದೇಶದ ಮಾಂಸದಲ್ಲಿ ತನ್ನ ರುಚಿ ಬಾರದು ಎಂಬ ಹಟ. 2006ರ ಸೆಪ್ಟೆಂಬರಿನಲ್ಲಿ ಒಂದು ದಿನದ ಮಟ್ಟಿಗೆ ಅದು ಮರಳಿದಾಗ ಅಂಗಡಿಗಳ ಮುಂದೆ ಉದ್ದುದ್ದ ಸಾಲು. ಬೇಗ ಸಿಗುವ ಊಟಕ್ಕೆ ಜನ ಎರಡೂವರೆ ವರ್ಷ ಕಾದಿದ್ದರು, ಆಮೇಲೆ ಸಾಲಿನಲ್ಲೂ ಕಾದರು.

ಕೈಮಾ ಬಟ್ಟಲುಗಳ ಹುಟ್ಟಿನ ಹಿಂದೆ ಹೆಚ್ಚಾಗಿ ಅಡುಗೆಯವರ ಪ್ರತಿಭೆಗಿಂತ ಗಿರಾಕಿಗಳ ಹಸಿವೇ ಇರುತ್ತದೆ. ಹವಾಯಿಯ ಹಿಲೋ ಊರಿನಲ್ಲಿ ಇನೋಯೆ ದಂಪತಿಯ ಲಿಂಕನ್ ಗ್ರಿಲ್ ಎಂಬ ಹೋಟೆಲಿತ್ತು. 1949ರಲ್ಲಿ ಪಕ್ಕದ ಮೈದಾನದ ಆಟಗಾರ ಹುಡುಗರು ಅಲ್ಲಿಗೆ ಬಂದು, ಸ್ಯಾಂಡ್‌ವಿಚ್ ಸಾಕಾಗಿದೆ, ಹೊಟ್ಟೆ ತುಂಬಬೇಕು, ದುಡ್ಡಿಲ್ಲ, ತಡವಾಗಬಾರದು ಎಂದರಂತೆ. ನಾಲ್ಕೂ ಷರತ್ತಿಗೆ ಒಪ್ಪುವಂತೆ ಅನ್ನದ ಮೇಲೆ ಕೈಮಾದ ಬಿಲ್ಲೆ, ಅದರ ಮೇಲೆ ಕಂದು ಗ್ರೇವಿ ಬಿತ್ತು. ಅದೇ ಲೊಕೊ ಮೊಕೊ. ಮೊಟ್ಟೆ ಆಮೇಲೆ ಸೇರಿತು. 1984ರಲ್ಲಿ ಒಕಿನಾವಾದ ಕಿನ್ ಪಟ್ಟಣದಲ್ಲಿ, ಅಮೆರಿಕದ ಸೇನಾ ನೆಲೆ ಕ್ಯಾಂಪ್ ಹ್ಯಾನ್ಸೆನ್ ಎದುರಿಗೆ, ಮತ್ಸುಜೊ ಗಿಬೊ ಎಂಬವರು ಇನ್ನೂ ಸುಲಭ ಮಾಡಿದರು. ಸೈನಿಕರಿಗೆ ಟಾಕೊ ಇಷ್ಟ, ಆದರೆ ಅದರಿಂದ ಹೊಟ್ಟೆ ತುಂಬದು. ಟಾಕೊದ ಹೊರಗಿನ ರೊಟ್ಟಿ ತೆಗೆದು ಒಳಗಿನ ಕೈಮಾ, ಚೀಸ್, ಎಲೆಕೋಸಿನಂಥ ಲೆಟಿಸ್, ಟೊಮೆಟೊಗಳನ್ನು ಅನ್ನದ ಮೇಲೆ ಹರಡಿದರು. ಇಂದು ಆ ಟಾಕೊ ರೈಸ್ ಒಕಿನಾವಾದ ಶಾಲಾಮಕ್ಕಳ ಮಧ್ಯಾಹ್ನದ ಊಟದಲ್ಲೂ ಇದೆ.

ಥಾಯ್ಲೆಂಡಿನವರು ಇದಕ್ಕಿಂತ ದೊಡ್ಡ ಉಳಿತಾಯ ಕಂಡುಹಿಡಿದಿದ್ದಾರೆ. ಕೊಚ್ಚಿದ ಮಾಂಸವನ್ನು ತುಳಸಿ, ಮೆಣಸಿನಕಾಯಿ, ಬೆಳ್ಳುಳ್ಳಿಯೊಂದಿಗೆ ಜೋರು ಉರಿಯಲ್ಲಿ ಹುರಿದು, ಅನ್ನದ ಮೇಲೆ ಹಾಕಿ, ಕರಿದ ಮೊಟ್ಟೆ ಕೂರಿಸುವ ಪಾಡ್ ಕ್ರಪಾವ್ ಅನ್ನು ‘ಏನು ತಿನ್ನಬೇಕೆಂದು ತೋಚದವರ ಆರ್ಡರ್’ ಎಂದು ಅವರೇ ಗೇಲಿ ಮಾಡುತ್ತಾರೆ. ಗೇಲಿಯಲ್ಲಿ ಹುರುಳಿದೆ. ಕೆಲಸದ ದಿನಗಳ ರಾತ್ರಿಯಲ್ಲಿ ಹೆಚ್ಚು ಹೊತ್ತು ತಿನ್ನುವುದು ಹೆಚ್ಚುವುದೂ ಅಲ್ಲ, ಹುರಿಯುವುದೂ ಅಲ್ಲ. ಫ್ರಿಜ್ಜಿನ ಬಾಗಿಲು ತೆರೆದು ‘ಏನು ಮಾಡೋಣ?’ ಎಂದು ನಿಲ್ಲುವುದು. ಆ ಹೊತ್ತೂ ಪುಸ್ತಕದ ಲೆಕ್ಕದಲ್ಲಿಲ್ಲ.

ಹಾಸನದಲ್ಲಿ ಅಮ್ಮನಿಗೆ ಮಾತ್ರ ಬೇರೆಯೇ ಅನುಮಾನ. ಕ್ಯಾಮೆರಾ ಮುಂದೆ ಮೂರು ಬಣ್ಣದ ಬಟ್ಟಲು ಹಿಡಿದಾಗ ಅವರು ಕೇಳಿದ್ದು, ‘ಇದು ಕಲಸಿ ಆಗಿರೋದೋ, ಇನ್ನು ಕಲಸಬೇಕೋ?’ ಪ್ರಶ್ನೆ ಸಣ್ಣದಲ್ಲ. ಕೊರಿಯಾದಲ್ಲಿ ಬಿಬಿಂಬಾಪ್ ಎಂಬ ಅನ್ನದ ಬಟ್ಟಲನ್ನು ಕಲಸದೆ ತಿಂದರೆ ಊಟವೇ ಅಲ್ಲ. ಜಪಾನಿನಲ್ಲಿ ದೊನ್ ಬಟ್ಟಲನ್ನು ಪೂರ್ತಿ ಕಲಸಿಬಿಟ್ಟರೆ ಪಕ್ಕದವರು ಮುಖ ತಿರುಗಿಸಬಹುದು. ಮೇಲಿನದನ್ನೂ ಕೆಳಗಿನದನ್ನೂ ಒಂದೊಂದು ತುತ್ತಿಗೆ ಒಟ್ಟಿಗೆ ಎತ್ತಿಕೊಳ್ಳಬೇಕು. ಬೆರಳಿನಿಂದ ಅನ್ನ ಸಾರು ಕಲಸಿ ಬೆಳೆದವನಿಗೆ ಇದು ಐದು ಕಡ್ಡಿಗಿಂತ ಕಠಿಣ ಶಿಸ್ತು.

ಮುಂದಿನ ಭಾನುವಾರ ಅಮ್ಮನೇ ಮಾಡಿದರು. ಕುರಿಯ ಕೈಮಾ, ಸೋನಾ ಮಸೂರಿ ಅನ್ನ, ಗೋಬಿ ಮಂಚೂರಿಗೆಂದು ತಂದಿಟ್ಟ ಬಾಟಲಿಯ ಸೋಯಾ ಸಾಸ್, ಮಿರಿನ್ ಬದಲಿಗೆ ಬೆಲ್ಲ, ಕಡ್ಡಿಗಳ ಬದಲಿಗೆ ಸೌಟು. ಫೋನಿನಲ್ಲಿ ತೋರಿಸಿದರು ಕೂಡ. ಪಟ್ಟೆಗಳು ನೆಟ್ಟಗೇ ಇದ್ದವು. ಅಪ್ಪ ಬಟ್ಟಲನ್ನು ಒಂದು ಸುತ್ತು ತಿರುಗಿಸಿ ನೋಡಿ, ‘ಎಲ್ಲಾ ಒಣಾ ಒಣಾ ಇದೆಯಲ್ಲೇ, ಒಂದು ಸೌಟು ಸಾರು ಬಿಡು’ ಎಂದರು. ಅಮ್ಮ ತಲೆ ಚಚ್ಚಿಕೊಂಡರು. ಮಗ ಟೋಕಿಯೋದಿಂದ ಅಪ್ಪನ ಪರ ವಾದಕ್ಕಿಳಿದ: ಗ್ಯೂದೊನ್ ಅಂಗಡಿಯಲ್ಲಿ ರಸ ಜಾಸ್ತಿ ಬೇಕಾದವರು ‘ತ್ಸುಯುದಾಕು’ ಎಂದು ಕೇಳಿ ಹಾಕಿಸಿಕೊಳ್ಳುತ್ತಾರೆ, ಅದಕ್ಕೆ ಯಾರೂ ಬೈಯುವುದಿಲ್ಲ, ಅಪ್ಪ ಕೇಳಿದ್ದು ಪಕ್ಕಾ ಜಪಾನಿ ಪದ್ಧತಿ. ವಾದ ಮುಗಿಯುವಷ್ಟರಲ್ಲಿ ಅಪ್ಪ ಎರಡನೇ ಸೌಟಿಗೆ ಬಟ್ಟಲು ಒಡ್ಡಿದ್ದರು. ಅಮ್ಮ ಮಜ್ಜಿಗೆಗೆ ಬೇರೆ ಅನ್ನ ಬೇಕೇ ಎಂದು ಒಳಗಿನಿಂದ ಕೂಗುತ್ತಿದ್ದರು.