ಶಾಲಾ ಪ್ರಾಜೆಕ್ಟುಗಳಲ್ಲಿ ಅಂಕಿತಲೋಪ: ಒಂದು ಗ್ರಂಥಸಂಪಾದನಾ ವಿವೇಚನೆ

ಒಂದೇ ತರಗತಿಯ ಹಂಪಿ ಪ್ರಾಜೆಕ್ಟುಗಳನ್ನು ತಾಳೆ ನೋಡಿದರೆ ಒಂದೂ ಪಾಠಾಂತರ ಸಿಗದು. ಪಂಪಭಾರತಕ್ಕೂ ಈ ಭಾಗ್ಯವಿಲ್ಲ. ಮೂಲಪ್ರತಿ ಒಂದೇ ಎಂಬುದಕ್ಕೆ ಬಲವಾದ ಆಂತರಿಕ ಪ್ರಮಾಣವಿದೆ: ಪ್ರತಿ ಉಪಶೀರ್ಷಿಕೆಯ ಪಕ್ಕದಲ್ಲೂ ದುಂಡಕ್ಷರದಲ್ಲಿ ‘ಬದಲಾಯಿಸಿ’ ಎಂದಿದೆ. ಅದು ವಿಕಿಪೀಡಿಯದ ಗುಂಡಿಯೆಂದು ಕೆಲವರ ವಾದ. ಇರಲಿ. ಅಷ್ಟು ಸ್ಪಷ್ಟ ಆದೇಶವಿದ್ದರೂ ಲಿಪಿಕಾರ ಒಂದಕ್ಷರವನ್ನೂ ಬದಲಾಯಿಸಿಲ್ಲ. ಕಳ್ಳತನವೆಂಬುದು ಪೂರ್ವಪಕ್ಷ, ಮೂಲನಿಷ್ಠೆಯೆಂಬುದು ಸಿದ್ಧಾಂತ.

ಕಾನೂನೂ ಲಿಪಿಕಾರನ ಕಡೆಗೇ ವಾಲುತ್ತದೆ. 1957ರ ಕೃತಿಸ್ವಾಮ್ಯ ಕಾಯಿದೆಯ 52ನೇ ಸೆಕ್ಷನ್ ಪಾಠ ಹೇಳುವವರಿಗೂ ಕಲಿಯುವವರಿಗೂ ವಿನಾಯಿತಿ ಇಟ್ಟಿದೆ. ವಿಕಿಪೀಡಿಯವಂತೂ ನಕಲು ಮಾಡಿ, ಹಂಚಿ, ತಿದ್ದಿ, ಎಲ್ಲಿಂದ ತಂದಿರೆಂದು ಮಾತ್ರ ಹೇಳಿ, ತಿದ್ದಿದ್ದನ್ನು ಇದೇ ಷರತ್ತಿನಲ್ಲಿ ಬಿಟ್ಟುಕೊಡಿ ಎನ್ನುತ್ತದೆ. ಲೋಪವಾದದ್ದು ಆ ಒಂದು ಸಾಲು. ಕೂಡಲಸಂಗಮದೇವ, ಗುಹೇಶ್ವರ, ಕಾಗಿನೆಲೆಯಾದಿಕೇಶವ ಎಂದು ಗುರುತು ಹಾಕದೆ ಸಾಲು ಮುಗಿಸದವರ ನಾಡಿನಲ್ಲಿ! (ಬಸವಣ್ಣನ ಅಂಕಿತ ಬದಲಿಸಿ ಅಚ್ಚಾದ ಪುಸ್ತಕವೊಂದರ ವ್ಯಾಜ್ಯ 2017ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಇತ್ಯರ್ಥವಾಯಿತು. ಹಂಪಿ ಪ್ರಾಜೆಕ್ಟಿಗೆ ಅಂಥ ಕಕ್ಷಿದಾರರಿಲ್ಲದ್ದು ಮಕ್ಕಳ ಪುಣ್ಯ.)

ಆಕರ ಬರೆಯಲೇಬೇಕೆಂದು ಹಟ ಹಿಡಿದ ಶಾಲೆಗಳಲ್ಲಿ ನವೀನ ಅಂಕಿತವೊಂದು ಉದಯಿಸಿದೆ: ‘ಕೃಪೆ: ಗೂಗಲ್’. ಪುಸ್ತಕ ಯಾರು ಬರೆದದ್ದೆಂದರೆ ಬೀರು ಬರೆದದ್ದು ಎಂದಂತೆ. ಪತ್ರಿಕೆಗಳೇ ‘ಚಿತ್ರಕೃಪೆ: ಅಂತರ್ಜಾಲ’ ಎಂದು ಅಚ್ಚು ಹಾಕುವಾಗ ಮಗುವನ್ನು ಗದರುವುದು ಯಾವ ನ್ಯಾಯ?

ಇನ್ನು ಗುರುಪರಂಪರೆ. ಹಂಪಿಯನ್ನು 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಯುನೆಸ್ಕೊ, ನಮ್ಮ ರಾಷ್ಟ್ರಗೀತೆಗೂ ‘ಜಗತ್ತಿನ ಅತ್ಯುತ್ತಮ’ ಪಟ್ಟ ಕಟ್ಟಿತೆಂಬ ಶಾಸನ ಸ್ಟಾಫ್ ಗ್ರೂಪಿನಲ್ಲಿ ಆಗಸ್ಟ್ ಬಂತೆಂದರೆ ಪ್ರಕಟವಾಗುತ್ತದೆ. ಯುನೆಸ್ಕೊ ಅದನ್ನು ಅಲ್ಲಗಳೆದಿದೆ. ಆದರೆ ಶಾಸನತಜ್ಞರು ಅನ್ಯರ ಮಾತಿಗೆ ಬೆಲೆ ಕೊಡುವವರಲ್ಲ. ಒಂದು ಸಲಕ್ಕೆ ಐದು ಕಡೆಗಷ್ಟೇ ಎಂದು ವಾಟ್ಸ್‌ಆ್ಯಪ್ 2018ರಲ್ಲಿ ಭಾರತಕ್ಕೆ ಕಟ್ಟುಹಾಕಿತು. ಮೇಷ್ಟ್ರು ಐದೈದರ ಕಂತಿನಲ್ಲಿ ತೀರಿಸಿದರು. ಬಹಳ ಕೈ ದಾಟಿ ಬಂದದ್ದನ್ನು ಒಂದು ಸಲಕ್ಕೆ ಒಂದೇ ಕಡೆಗೆ ಎಂದು 2020ರಲ್ಲಿ ಬಿಗಿಯಾಯಿತು. ಆಗ ಶಾಸನಕ್ಕೆ ಕರಿಹಲಗೆಗೆ ಬಡ್ತಿ ಸಿಕ್ಕಿತು: ಬರೆಯುವುದು ಒಂದೇ ಸಲ, ತಲುಪುವುದು ಇಡೀ ತರಗತಿಗೆ. ಮಕ್ಕಳು ನೋಟ್‌ಬುಕ್ಕಿಗೆ ಇಳಿಸಿಕೊಂಡು, ಹೇಳಿಕೊಟ್ಟಂತೆ ಕೆಳಗೆ ಆಕರವನ್ನೂ ಬರೆದರು: ‘ನಮ್ಮ ಸರ್’.