86 ಸೆಂಟಿಮೀಟರಿನ ಎದೆ

ಧಾರವಾಡದ ಸಪ್ತಾಪುರದಲ್ಲಿ ಯಾವ ಓಣಿ ಹೊಕ್ಕರೂ ಎರಡು ಬಗೆಯ ಬೋರ್ಡು ಕಣ್ಣಿಗೆ ಬೀಳುತ್ತವೆ. ಒಂದು ಕೋಚಿಂಗ್ ಕ್ಲಾಸಿನದು, ಇನ್ನೊಂದು ಜಿಮ್ಮಿನದು. ಮೊದಲನೆಯದರಲ್ಲಿ ಪಾಸಾದವರ ಮುಖಗಳು. ಎರಡನೆಯದರಲ್ಲಿ ಮುಖಕ್ಕಿಂತ ತೋಳೇ ದೊಡ್ಡದಾದ ಯಾರೋ ಪರದೇಶದ ಮಹಾಶಯ. ಪೊಲೀಸ್ ಆಗಲು ಹೊರಟ ಹುಡುಗರು ಈ ಎರಡರ ನಡುವೆ ಸವೆಯುತ್ತಾರೆ. ನೇಮಕಾತಿಯ ನಿಯಮದಂತೆ ಗಂಡುಮಕ್ಕಳ ಎದೆ 86 ಸೆಂಟಿಮೀಟರ್ ಇರಬೇಕು, ಉಸಿರು ತುಂಬಿಕೊಂಡರೆ ಇನ್ನೂ 5 ಸೆಂಟಿಮೀಟರ್ ಹಿಗ್ಗಬೇಕು. ಸಂವಿಧಾನದ ಕಲಮುಗಳನ್ನು ರಾತ್ರಿಯಿಡೀ ಕೂತು ಬಾಯಿಪಾಠ ಮಾಡಬಹುದು. ಎದೆಯನ್ನು ಹಾಗೆ ಮಾಡಲು ಬರುವುದಿಲ್ಲ.

ಸವದತ್ತಿ ಕಡೆಯಿಂದ ಬಂದು ಇಲ್ಲಿ ರೂಮು ಹಿಡಿದ ಹುಡುಗನೊಬ್ಬನ ಎದೆ 83ಕ್ಕೆ ನಿಂತುಬಿಟ್ಟಿತ್ತು. ಜಿಮ್ಮಿಗೆ ಹೋದ ಮೊದಲ ಸಂಜೆಯೇ ಅವನು ಕೋಚನ್ನು ಕೇಳಿದ್ದು ಒಂದೇ ಪ್ರಶ್ನೆ: "ಸರ್, ಮೂರು ಸೆಂಟಿಮೀಟರಿಗೆ ಎಷ್ಟು ದಿನ ಹಿಡಿತೈತ್ರಿ?" ಬ್ಲೌಸ್ ಹೊಲಿಯಲು ಕೊಟ್ಟವರು ದರ್ಜಿಯನ್ನು ಕೇಳುವ ಧಾಟಿ ಅದು.

"ಮೊದಲ ಬರೇ ರಾಡ್ ಎತ್ತಪಾ," ಎಂದರು ಕೋಚ್.

ಹುಡುಗನಿಗೆ ಅವಮಾನವಾಯಿತು. ಹೊಸಬರೆಲ್ಲರ ಹಾಗೆ ಅವನೂ ರಾಡಿಗೆ ತೂಕವೇ ಇಲ್ಲವೆಂದು ತಿಳಿದಿದ್ದ. ಒಲಿಂಪಿಕ್ ಅಳತೆಯ ರಾಡು ತಾನೇ 20 ಕೆ.ಜಿ. ಇರುತ್ತದೆ, ಹೆಣ್ಣುಮಕ್ಕಳ ಸ್ಪರ್ಧೆಯದು 15. ಕೋಚ್ ಅತ್ತ ತಿರುಗಿದ್ದೇ ತಡ, ರೂಮಿನ ಗೆಳೆಯ ಎರಡೂ ಬದಿಗೆ ಇಪ್ಪತ್ತಿಪ್ಪತ್ತರ ಪ್ಲೇಟು ಏರಿಸಿದ. ಬೆಂಚಿನ ಮೇಲೆ ಮಲಗಿದ ಹುಡುಗ ರಾಡನ್ನು ಎದೆಗೆ ಇಳಿಸಿದ್ದು ನಿಜ. ಅಲ್ಲಿಂದ ಮೇಲೆ ಅದು ಗೆಳೆಯನ ಕೈಯಲ್ಲಿ ಹೋಯಿತು. ಎತ್ತಿದವರು ಇಬ್ಬರು, ಮೀಸೆ ತಿರುವಿದವನು ಒಬ್ಬ. ಅದೇ ಹುಮ್ಮಸ್ಸಿನಲ್ಲಿ ಸಿಕ್ಕ ಯಂತ್ರಗಳನ್ನೆಲ್ಲ ಎಳೆದು, ಕೊನೆಗೆ ಹೆಗಲ ಮೇಲೆ ರಾಡು ಹೊತ್ತು ಕಾಲು ನಡುಗುವ ತನಕ ಬೈಠಕ್ ಹೊಡೆದೂ ಆಯಿತು.

ಲೆಕ್ಕ ತೀರಿದ್ದು ಮೂರನೆಯ ದಿನ. ಜುಬಿಲಿ ಸರ್ಕಲ್ಲಿನಲ್ಲಿ ಬಸ್ಸಿನಿಂದ ಇಳಿದವನಿಗೆ ಮುಂದಿನ ಹೆಜ್ಜೆ ಎಲ್ಲಿಡುವುದೆಂಬುದೇ ಚಿಂತೆಯಾಯಿತು. ಬಸ್ಸಿನ ಹೆಸರು ಚಿಗರಿ. ಇಳಿದವನ ನಡಿಗೆಯಲ್ಲಿ ಚಿಗರಿಯ ಲಕ್ಷಣ ಒಂದೂ ಇರಲಿಲ್ಲ. ರೂಮಿನ ದೇಶಿ ಪಾಯಿಖಾನೆಯಲ್ಲಿ ಬೆಳಿಗ್ಗೆ ಪಟ್ಟ ಪಾಡನ್ನು ಇಲ್ಲಿ ವಿವರಿಸುವುದು ಬೇಡ. ನಲ್ಲಿಯ ಪೈಪನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದನೆಂದರೆ ಸಾಕು.

ಜಿಮ್ಮಿನ ಪಂಡಿತರು ಈ ನೋವಿಗೆ ಲ್ಯಾಕ್ಟಿಕ್ ಆಸಿಡ್ ಕಾರಣ ಎಂದರು. ಪಾಪ, ಆ ಆಸಿಡ್ಡಿನ ಮೇಲೆ ಎಷ್ಟು ಕಾಲದ ಸುಳ್ಳು ಕೇಸು! ವ್ಯಾಯಾಮ ನಿಂತ ಒಂದೆರಡು ತಾಸಿನೊಳಗೆ ಅದು ರಕ್ತದಿಂದ ಹೊರಟುಹೋಗಿರುತ್ತದೆ. ನೋವು ಏರುವುದು 24ರಿಂದ 72 ತಾಸಿನ ನಡುವೆ. ರೂಢಿಯಿಲ್ಲದ ಭಾರಕ್ಕೆ, ಅದರಲ್ಲೂ ಭಾರವನ್ನು ಇಳಿಸುವಾಗ, ಸ್ನಾಯುವಿನ ಎಳೆಗಳಲ್ಲಿ ಸಣ್ಣಪುಟ್ಟ ಹರುಕು ಉಂಟಾಗುತ್ತದೆ. ಅದನ್ನು ದೇಹ ರಿಪೇರಿ ಮಾಡುವಾಗಿನ ಗದ್ದಲವೇ ಈ ನೋವು. 1902ರಲ್ಲೇ ಥಿಯೋಡೋರ್ ಹಫ್ ಎಂಬ ಅಮೆರಿಕದ ವಿಜ್ಞಾನಿ ಹೆಚ್ಚುಕಡಿಮೆ ಹೀಗೆಯೇ ಊಹಿಸಿದ್ದ. ಎರಡನೆಯ ಸಲ ಅದೇ ವ್ಯಾಯಾಮಕ್ಕೆ ಅಷ್ಟು ನೋವಾಗುವುದಿಲ್ಲ. ತೊಂದರೆಯೆಂದರೆ, ಬಹಳಷ್ಟು ಜನ ಆ ಎರಡನೆಯ ಸಲಕ್ಕೆ ಬರುವುದೇ ಇಲ್ಲ. ವರ್ಷದ ಫೀ ಒಮ್ಮೆಲೇ ಕಟ್ಟಿಸಿಕೊಳ್ಳುವವರಿಗೆ ಈ ಶರೀರಶಾಸ್ತ್ರ ಚೆನ್ನಾಗಿ ಗೊತ್ತಿದೆ ಎಂಬ ಅನುಮಾನಕ್ಕೆ ಎಡೆಯಿದೆ.

ಊರಿಗೆ ಹೋದಾಗ ಅಜ್ಜ ಮೊಮ್ಮಗನ ನಡಿಗೆ ನೋಡಿ ನಕ್ಕ. ಅವನು ಹರೆಯದಲ್ಲಿ ಗರಡಿ ಮನೆಯಲ್ಲಿ ಸಾಮು ತೆಗೆದವ. "ತಮ್ಮಾ, ನಮಗ ವಸ್ತಾದ ಮೊದಲ ಡಾವು ಕಲಿಸಲಿಲ್ಲೋ. ಸಲಕಿ ಕೊಟ್ಟು ಮಣ್ಣ ಹದಾ ಮಾಡಿಸಿದಾ." ಅಖಾಡದ ಕೆಮ್ಮಣ್ಣನ್ನು ಅಗೆದು, ಹೆಂಟೆ ಒಡೆದು, ಎಣ್ಣೆ, ಮಜ್ಜಿಗೆ, ಅರಿಷಿಣ ಬೆರೆಸಿ ಹದಕ್ಕೆ ತರುವುದೇ ಹೊಸಬನ ಪಾಲಿಗೆ ಮೊದಲ ತಾಲೀಮು. ಸೊಂಟ, ಬೆನ್ನು, ರಟ್ಟೆ ಎಲ್ಲಕ್ಕೂ ಒಂದೇ ಏಟಿಗೆ ಕೆಲಸ. ಆಮೇಲೆ ದಂಡ, ಬೈಠಕ್. 2020ರ ಫೆಬ್ರುವರಿಯಲ್ಲಿ ಧಾರವಾಡದಲ್ಲಿ ಕರ್ನಾಟಕ ಕುಸ್ತಿ ಹಬ್ಬ ನಡೆದಾಗ ಮಣ್ಣಿಗಿಂತ ಮ್ಯಾಟೇ ಸುದ್ದಿಯಲ್ಲಿತ್ತು, ಆದರೆ ಪೈಲವಾನರ ತೊಡೆಗಳು ಬೈಠಕ್ಕಿನವೇ. ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವವರೂ ಸಣ್ಣ ಗುಂಡಿನಿಂದ ಶುರು ಮಾಡಿ ದೊಡ್ಡದಕ್ಕೆ ಬಂದವರು. ಯಾರೂ ಮೊದಲ ದಿನವೇ ಊರ ಮುಂದಿನ ಕಲ್ಲಿಗೆ ಕೈ ಹಚ್ಚುವುದಿಲ್ಲ.

ಗರಡಿ ದೊಡ್ಡದೋ ಜಿಮ್ಮು ದೊಡ್ಡದೋ ಎಂಬ ಅಜ್ಜ–ಮೊಮ್ಮಗನ ಜಗಳವನ್ನು ಬೆಂಗಳೂರಿನ ಪ್ರೊ. ಕೆ.ವಿ. ಅಯ್ಯರ್ ಬಹಳ ಹಿಂದೆಯೇ ಬಗೆಹರಿಸಿದ್ದರು. ಹರ್ಕ್ಯುಲಿಸ್ ಜಿಮ್ನಾಸಿಯಂ ನಡೆಸುತ್ತಿದ್ದ ಅವರು ಸೂರ್ಯನಮಸ್ಕಾರ, ಆಸನ, ಬಾರ್ಬೆಲ್ ಮೂರನ್ನೂ ಒಂದೇ ಸೂರಿನಡಿ ತಂದರು. 1930ರಲ್ಲಿ 'ಮಸಲ್ ಕಲ್ಟ್' ಎಂಬ ಇಂಗ್ಲಿಷ್ ಪುಸ್ತಕ ಬರೆದರು, ಅಂಚೆಯ ಮೂಲಕವೂ ಅಂಗಸಾಧನೆಯ ಪಾಠ ಹೇಳಿದರು. ವಾಟ್ಸಾಪಿನಲ್ಲಿ ವರ್ಕೌಟ್ ಕಳಿಸುವ ಇಂದಿನ ಟ್ರೈನರುಗಳಿಗೆ ಅವರೇ ಮೂಲಪುರುಷರು. 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳನ್ನು ಬರೆದವರೂ ಅವರೇ. ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ತೋಳಿನ ಸುತ್ತಳತೆಗೂ ಒಂದು ಸಾಲು ಬಿಡಬೇಕಾದದ್ದು ಅವರಿಗಾಗಿ.

ಹುಡುಗ ಮರಳಿ ಬಂದಾಗ ಕೋಚ್ ಬೈಯಲಿಲ್ಲ. ವಾರಕ್ಕೆ ಮೂರೇ ದಿನ ಬರಲು ಹೇಳಿದರು, ನಡುವೆ ಒಂದೊಂದು ದಿನ ಬಿಡುವು. ಪ್ರತಿ ಸಲವೂ ಇಡೀ ಮೈಗೆ ಕೆಲಸ: ಒಂದು ಬೈಠಕ್, ಒಂದು ನೂಕುವುದು, ಒಂದು ಎಳೆಯುವುದು, ನೆಲದಿಂದ ಎತ್ತುವುದು ಒಂದು. ಮೂರು ಸುತ್ತು, ಸುತ್ತಿಗೆ ಎಂಟರಿಂದ ಹನ್ನೆರಡು ಸಲ, ಸುತ್ತಿನ ನಡುವೆ ಎರಡು–ಮೂರು ನಿಮಿಷ ಸುಮ್ಮನೆ ಕೂರುವುದು. ಸುತ್ತು ಮುಗಿದಾಗ ಇನ್ನೆರಡು ಸಲ ಎತ್ತುವಷ್ಟು ಕಸುವು ಉಳಿದಿರಬೇಕು. ಹನ್ನೆರಡು ದಾಟಿ ಇನ್ನೂ ಒಂದೆರಡು ಸಲ ಸಲೀಸಾಗಿ ಬರುವುದು ಎರಡು ಸರತಿ ಕಂಡರೆ ಮಾತ್ರ ತೂಕ ಏರಿಸುವುದು, ಅದೂ ನೂರಕ್ಕೆ ಎರಡರಿಂದ ಹತ್ತರಷ್ಟು. ಉಸಿರು ಬಿಗಿಹಿಡಿಯದೆ, ಎತ್ತುವಾಗ ಬಿಡಬೇಕು.

ಈ ಮೂರು ಸುತ್ತಿನ ಪದ್ಧತಿ ಹುಟ್ಟಿದ್ದು ಆಸ್ಪತ್ರೆಯಲ್ಲಿ ಎಂದರೆ ಜಿಮ್ಮಿನ ಕನ್ನಡಿಗಳು ನಂಬಲಿಕ್ಕಿಲ್ಲ. ಎರಡನೆಯ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಸೇನಾ ವೈದ್ಯ ಥಾಮಸ್ ಡಿಲೋರ್ಮ್, ಮೊಣಕಾಲು ಕೆಟ್ಟ ಸೈನಿಕರಿಗೆ ಭಾರ ಎತ್ತಿಸಿ ಅವರ ಕಾಲಿಗೆ ಬಲ ತಂದ. 1948ರಲ್ಲಿ ಅವನೂ ಸಹಲೇಖಕ ವಾಟ್ಕಿನ್ಸನೂ ಬರೆದ ಕ್ರಮವಿದು: ಹತ್ತು ಸಲ ಎತ್ತಲಾಗುವ ಗರಿಷ್ಠ ಭಾರದ ಅರ್ಧ ಮೊದಲ ಸುತ್ತಿಗೆ, ಮುಕ್ಕಾಲು ಎರಡನೆಯದಕ್ಕೆ, ಪೂರ್ತಿ ಮೂರನೆಯದಕ್ಕೆ. ಎಲ್ಲಿಯೂ ಗೆಳೆಯನ ಕೈ ಇಲ್ಲ.

ಕೆಲವು ವಾರಗಳಲ್ಲಿ ತೂಕ ಏರತೊಡಗಿತು, ಎದೆ ಮಾತ್ರ ಕದಲಲಿಲ್ಲ. ಇದೂ ಪಾಠದ ಪ್ರಕಾರವೇ. ಮೊದಮೊದಲು ಬರುವ ಬಲದ ಬಹುಪಾಲು ಸ್ನಾಯುವಿನದಲ್ಲ, ನರಗಳದು. ಇರುವ ಸ್ನಾಯುವನ್ನೇ ಪೂರ್ತಿ ದುಡಿಸಲು ಮಿದುಳು ಕಲಿಯುತ್ತಿರುತ್ತದೆ. ಬಲ ಬಂದದ್ದು ರಾಡಿಗೆ ಗೊತ್ತು, ಟೇಪಿಗೆ ಇನ್ನೂ ಗೊತ್ತಿಲ್ಲ. ಇನ್ನು ಹಿಗ್ಗಬೇಕಾದ ಆ 5 ಸೆಂಟಿಮೀಟರ್ ಪಕ್ಕೆಲುಬು, ಉಸಿರುಗಳ ವ್ಯವಹಾರ. ಅದಕ್ಕೆ ಬೆಂಚ್ ಪ್ರೆಸ್ಸಿಗಿಂತ ಕರ್ನಾಟಕ ಕಾಲೇಜು ಮೈದಾನದ ಓಟ, ಆಳವಾದ ಉಸಿರಾಟದ ರೂಢಿಯೇ ಹೆಚ್ಚು ಕೆಲಸಕ್ಕೆ ಬರುತ್ತದೆ.

ಹುಡುಗಿಯರ ಬ್ಯಾಚಿನಲ್ಲಿ ಈ ಗೋಳಿಲ್ಲ. ಅವರಿಗೆ ಎದೆಯ ಅಳತೆಯ ಷರತ್ತೇ ಇಲ್ಲದ್ದರಿಂದ ಕನ್ನಡಿ ಬಿಟ್ಟು ನೇರವಾಗಿ ಬೈಠಕ್ಕಿಗೆ ನಿಲ್ಲುತ್ತಾರೆ. ಹೀಗಾಗಿ ಗುಂಡು ಎಸೆತದಲ್ಲೂ ಅವರದೇ ಮೊದಲ ಸುಧಾರಣೆ. ಗಂಡುಮಕ್ಕಳು 7.26 ಕೆ.ಜಿ. ಗುಂಡನ್ನು 5.60 ಮೀಟರ್ ದಾಟಿಸಬೇಕು, ಅದಕ್ಕಾಗಿ ತೋಳಿನ ಉಬ್ಬನ್ನು ಬೆಳೆಸುತ್ತಾರೆ. ಗುಂಡು ಹೊರಡುವುದು ಕಾಲಿನಿಂದ ಎಂದು ಅವರಿಗೆ ನಂಬಿಸುವಷ್ಟರಲ್ಲಿ ಕೋಚಿನ ಗಂಟಲು ಬಿದ್ದಿರುತ್ತದೆ.

ಪ್ರೋಟೀನ್ ಡಬ್ಬಿಯ ವಿಷಯವೂ ಬಂತು. 60 ಕೆ.ಜಿ.ಯ ಸಾಧಾರಣ ಮನುಷ್ಯನಿಗೆ ಐಸಿಎಂಆರ್ ಲೆಕ್ಕದಲ್ಲಿ ದಿನಕ್ಕೆ ಸುಮಾರು 50 ಗ್ರಾಂ ಸಾಕು. ಭಾರ ಎತ್ತುವವನಿಗೆ 95ರ ಆಸುಪಾಸು ಒಳ್ಳೆಯದು. ಎರಡು ಮೊಟ್ಟೆಗೆ 12, ದೊಡ್ಡ ಲೋಟ ಹಾಲಿಗೆ 8, ಹಿಡಿ ಶೇಂಗಾಕ್ಕೆ 7. ಜೋಳದ ರೊಟ್ಟಿ, ಮಡಿಕೆಕಾಳಿನ ಪಲ್ಯ, ಮೊಸರು ಸೇರಿದರೆ ಡಬ್ಬಿಯಿಲ್ಲದೆಯೂ ಆ ಲೆಕ್ಕದ ಹತ್ತಿರ ಬರಬಹುದು. "ಪೇಡೆದಾಗೂ ಹಾಲ ಐತೆಲ್ರಿ ಸರ್?" ಎಂದು ಹುಡುಗ ಕೇಳಿದ್ದಕ್ಕೆ ಕೋಚ್, ಪೇಡೆಗೆಂದು ಲೈನ್ ಬಜಾರಿನ ಕಡೆ ಹೋಗುವುದಿದ್ದರೆ ನಡೆದೇ ಹೋಗು ಎಂದರು.

ಎತ್ತಿದ್ದನ್ನು ಬರೆದಿಡಬೇಕೆಂಬುದು ಅವರ ಇನ್ನೊಂದು ಕಟ್ಟಪ್ಪಣೆ. ಹುಡುಗ ಬೇರೆ ನೋಟ್‌ಬುಕ್ಕಿಗೆ ದುಡ್ಡು ಹಾಕಲಿಲ್ಲ, ಇತಿಹಾಸದ ನೋಟ್ಸಿನ ಅಂಚಿನಲ್ಲೇ ಬರೆಯುತ್ತ ಹೋದ. ಒಂದು ಸಂಜೆ ಕೋಚ್ ಅದನ್ನು ತೆರೆದು ನೋಡಿದರೆ ಒಂದೇ ಸಾಲಿನಲ್ಲಿ 30, 32.5, 35, 1526, 1556, 1761.

"ಇದೇನೋ ಮಾರಾಯಾ, ಮೂವತ್ತೈದರಿಂದ ಒಮ್ಮೆಲೇ ಇಲ್ಲಿಗೆ ಜಿಗದಿ?"

"ಅವು ಪಾಣಿಪತ್ ಯುದ್ಧ ಆದ ಇಸವಿ ಅದಾವ್ರಿ ಸರ್."

"ಹೌದಾ? ಹಂಗಾರ ಇವತ್ತ 35ನ ಮಾಡು. ಸೊಂಟಾ ಬಾಗಸಬ್ಯಾಡ."