ಕುಂಡದಲ್ಲಿ ಕೂತ ಲಂಟಾನ

ನಿವೃತ್ತನಾಗಿ ಮೈಸೂರಿನಿಂದ ಕಾಮಗೆರೆಗೆ ಗಂಟುಮೂಟೆ ಕಟ್ಟುವಾಗ, ಊರವರು ಕಂಡಿರದ ಹೂವಿನ ಗಿಡವೊಂದನ್ನು ಒಯ್ಯಬೇಕೆಂಬ ಹುಚ್ಚು ಹಿಡಿಯಿತು. ನರ್ಸರಿಯಲ್ಲಿ ಕಪ್ಪು ಕುಂಡದೊಳಗೆ ಪುಟ್ಟ ಗಿಡವೊಂದು ಕೂತಿತ್ತು. ಗುಂಡನೆಯ ಗೊಂಚಲು, ನಡುವೆ ಹಳದಿ, ಅಂಚಿಗೆ ಗುಲಾಬಿ. ಕೊರಳಿನ ಚೀಟಿಯಲ್ಲಿ ‘ಕ್ಯಾಮರಾ’ ಎಂದಿತ್ತು. 150 ರೂಪಾಯಿ. ಇಂಥ ಹೆಸರಿನ ಗಿಡಕ್ಕೆ ಚೌಕಾಸಿ ಮಾಡುವುದು ಚೆನ್ನಾಗಿರುವುದಿಲ್ಲವೆಂದು ಕೇಳಿದಷ್ಟು ಕೊಟ್ಟೆ.

ಕೊಳ್ಳೇಗಾಲದ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಕೂಸಿನಂತೆ ಕೂರಿಸಿಕೊಂಡೆ. ನರಸೀಪುರ ದಾಟುವಷ್ಟರಲ್ಲಿ ಎಲೆ ಉಜ್ಜಿ ಉಜ್ಜಿ ಒಂದು ಘಾಟು ಎದ್ದಿತು. ಎಲ್ಲೋ ಮೂಸಿದ ವಾಸನೆ ಅನ್ನಿಸಿತು. ಪಕ್ಕದವರು ಕಿಟಕಿ ತೆಗೆದರು.

ಮನೆಯಲ್ಲಿ ಅವ್ವ ಒಂದು ಎಲೆ ಕಿತ್ತು, ಹೊಸಕಿ, ಮೂಗಿಗೆ ಹಿಡಿದಳು.

“ಅಯ್ಯೋ ನನ್ ಕಂದ, ದುಡ್ ಕೊಟ್ಟು ಲಂಟಾನ ತಂದಿದ್ದೀಯಲ್ಲಾ!”

ಸಂತೆಯಲ್ಲಿ ದಿನಾ ಲುಂಗಿಯಲ್ಲಿ ಕಾಣುವವನು ಮದುವೆಮನೆಯಲ್ಲಿ ಕೋಟು ಹಾಕಿ ನಿಂತರೆ ಗುರುತು ಸಿಕ್ಕುತ್ತದೆಯೇ? ನನಗೂ ಹಾಗೇ ಆಯಿತು. ಚಿಕ್ಕಂದಿನಲ್ಲಿ ಇದರ ಕಪ್ಪು ಹಣ್ಣು ತಿಂದು ನಾಲಿಗೆ ಬಣ್ಣ ಮಾಡಿಕೊಂಡವನೇ ನಾನು. ಪಕ್ಕದ ಮನೆಯವನಂತೂ ಅದೇ ವಾರ ಹೊಲದ ಬದುವಿನ ಲಂಟಾನ ಕಡಿದು ಕೈಯೆಲ್ಲ ತರಚಿಕೊಂಡಿದ್ದ. ಕುಂಡ ನೋಡಿ, “ಅಣ್ಣ, ಒಂದಕ್ಕೆ 150 ಆದ್ರ ನನ್ ಬದೀಲಿ ಲಕ್ಷಾಂತರ ರೂಪಾಯಿ ಬಿದ್ದದ ಕನಣ್ಣ” ಅಂದ.

ಮಾನ ಉಳಿಸಿಕೊಳ್ಳಲು ಪುಸ್ತಕ ಹಿಡಿದೆ. ಅಮೆರಿಕದ ಬಿಸಿಲು ನಾಡಿನ ಈ ಗಿಡವನ್ನು 19ನೇ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯತೋಟಕ್ಕೆ ತಂದದ್ದು ಅಂದಕ್ಕಂತೆ. ಅಂದರೆ ನನಗಿಂತ 200 ವರ್ಷ ಮೊದಲೇ ದೊರೆಗಳು ಇದೇ ತಪ್ಪು ಮಾಡಿದ್ದರು, ಸ್ವಲ್ಪ ಸಮಾಧಾನವಾಯಿತು. ಹಕ್ಕಿಗಳು ಹಣ್ಣು ತಿಂದು ಬೀಜ ಉದುರಿಸಿದವು, ಕಡಿದರೆ ಬುಡದಿಂದ ಮತ್ತೆ ಚಿಗುರಿತು. ಈಗ ನಮ್ಮ ಮಲೆ ಮಹದೇಶ್ವರ ಬೆಟ್ಟ, ಬಿಳಿಗಿರಿರಂಗನ ಬೆಟ್ಟದ ಕಾಡಿನೊಳಗೆಲ್ಲ ಅದರದೇ ದರ್ಬಾರು. ಅದರ ನೆರಳಲ್ಲಿ ಹುಲ್ಲು ಏಳುವುದಿಲ್ಲ, ಸೊಪ್ಪು ತಿಂದ ದನಕ್ಕೆ ಕಾಮಾಲೆ. ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತಾರೆ. ನಮ್ಮ ಆಡು ನನ್ನ ಕುಂಡವನ್ನು ಮೂಸಿ, ಸೀನಿ, ನನ್ನ ಮುಖವನ್ನೊಮ್ಮೆ ನೋಡಿ ಹೋಯಿತು.

ಆದರೂ 150 ರೂಪಾಯಿ ಕೊಟ್ಟ ಕೈ, ಬಿಡಲಿಲ್ಲ. ಬಿಸಿಲು ಬಡಿಯದಂತೆ ಜಗುಲಿಯ ನೆರಳಲ್ಲಿಟ್ಟು, ವಾರಕ್ಕೊಮ್ಮೆ ಗೊಬ್ಬರ, ದಿನಕ್ಕೆರಡು ಹೊತ್ತು ನೀರು. ಎಲೆ ದಪ್ಪದಪ್ಪನಾಗಿ ಬಂತು, ಹೂವು ಮಾತ್ರ ಒಂದೂ ಇಲ್ಲ. ಉರಿಬಿಸಿಲು ಬೀಳಬೇಕು, ಗೊಬ್ಬರ ಹೆಚ್ಚಾಗಬಾರದು ಎಂದು ಆಮೇಲೆ ಗೊತ್ತಾಯಿತು. ತಿಪ್ಪೆಯಾಚೆಯ ಬೀದಿ ಲಂಟಾನ, ಯಾರೂ ಕೇಳದಿದ್ದರೂ, ಮೈತುಂಬ ಅರಳಿಕೊಂಡು ನಿಂತಿತ್ತು.

ಹೂವಿಲ್ಲದಿದ್ದರೆ ಬೇಡ, ಪಕ್ಕದ ಮನೆಯವನು ಕಡಿದು ಹಾಕಿದ ಲಂಟಾನದ ಕಡ್ಡಿಯಾದರೂ ಉಪಯೋಗಕ್ಕೆ ಬರಲಿ ಅಂದುಕೊಂಡೆ. ಮಾದಪ್ಪನ, ಅಂದರೆ ಮಲೆ ಮಹದೇಶ್ವರನ ಬೆಟ್ಟದ ಕಡೆ ಏಟ್ರೀ ಸಂಸ್ಥೆಯವರ ತರಬೇತಿಯಿಂದ ಸೋಲಿಗರು, ಬೇಡಗಂಪಣರು ಮುಂತಾದವರು ಲಂಟಾನದ ಕುರ್ಚಿ, ಮೇಜು ಮಾಡುವುದನ್ನು ಕೇಳಿದ್ದೆ. ನೀಲಗಿರಿ ಕಡೆಯ ಬುಡಕಟ್ಟಿನವರು ಕಟ್ಟಿದ ಲಂಟಾನದ ಆನೆಗಳು 2021ರಲ್ಲಿ ಲಂಡನ್ನಿನ ಉದ್ಯಾನದಲ್ಲಿ, 2024ರಲ್ಲಿ ನಮ್ಮ ಲಾಲ್‌ಬಾಗಿನಲ್ಲಿ ನಿಂತಿದ್ದವು. ಅವರಿಗೆ ಆನೆ ಸಾಧ್ಯವಾದರೆ ನನಗೊಂದು ಕುರ್ಚಿ ಸಾಧ್ಯವಾಗದೇ?

ಕಡ್ಡಿ ಬೇಯಿಸಿ, ಸಿಪ್ಪೆ ಸುಲಿದು, ಬಿಸಿ ಇರುವಾಗಲೇ ಬಗ್ಗಿಸಬೇಕು. ನಾನು ಸ್ನಾನದ ಹಂಡೆಯನ್ನೇ ಒಲೆಗೇರಿಸಿದೆ. ಅರ್ಧ ಗಂಟೆಗೆ ಸೌದೆ ಮುಗಿಯಿತು, ತಾಳ್ಮೆಯೂ. ಕೈಗೆ ಬಂದಷ್ಟು ಸುಲಿದು, ಬಗ್ಗದ ಕಡೆ ಮೊಳೆ ಹೊಡೆದೆ. ಹೆಂಡತಿ ಒಂದು ವಾರ ಆ ಹಂಡೆಯ ನೀರಲ್ಲಿ ಮಿಂದು, ಲಂಟಾನ ಘಮ್ಮೆನ್ನುತ್ತ ನನ್ನ ಪಕ್ಕ ಮೌನವಾಗಿ ಓಡಾಡಿದಳು. ಕುರ್ಚಿ ಮಾತ್ರ ನಿಂತಿತು. ಯಾರೂ ಕೂರದಷ್ಟು ದಿನ ಗಟ್ಟಿಯಾಗೇ ನಿಂತಿತ್ತು.

ಶಿವರಾತ್ರಿ ಬಂತು. ಬೆಟ್ಟಕ್ಕೆ ನಡೆದು ಹೋಗುವ ಮಾದಪ್ಪನ ಪರಿಷೆ ನಮ್ಮ ಜಗುಲಿಯಲ್ಲಿ ನೀರಿಗೆ ನಿಂತಿತು. ಹಣೆ ತುಂಬ ವಿಭೂತಿ, ಪಾದದ ತುಂಬ ಬೊಬ್ಬೆಯ ಅಜ್ಜಿಯೊಬ್ಬರಿಗೆ, “ಕೂತ್ಕೊಳ್ಳಿ ಅವ್ವ” ಎಂದು ಹೆಮ್ಮೆಯಿಂದ ಕುರ್ಚಿ ಎಳೆದೆ.

ಅಜ್ಜಿ ಕೂತರು. ಹಿಂದಿನ ಎಡಗಾಲು ‘ಕಟ್’ ಅಂತು. ಉಳಿದ ಮೂರೂ ಅದರ ಜೊತೆಗೆ ಹೋದವು.

“ಉಘೇ ಮಾದಪ್ಪಾ!” ಎಂದು ಅಜ್ಜಿ ಕೂಗಿದರು.

“ಉಘೇ! ಉಘೇ!” ಎಂದು ಬೀದಿಯಲ್ಲಿದ್ದ ಐವತ್ತು ಜನವೂ ಭಕ್ತಿಯಿಂದ ದನಿಗೂಡಿಸಿದರು.

ಪುಣ್ಯಕ್ಕೆ ಅಜ್ಜಿಗೆ ಏನೂ ಆಗಲಿಲ್ಲ. ಎಬ್ಬಿಸಿ ಕೂರಿಸಿ ಮಜ್ಜಿಗೆ ಕೊಟ್ಟೆ. ಅವರು ಮುರಿದ ಕಾಲನ್ನು ಎತ್ತಿ, ಉಗುರಿನಿಂದ ಸಿಪ್ಪೆ ಕೆರೆದು ನೋಡಿದರು. “ಸರ್ಯಾಗಿ ಬೇಯ್ಸಿಲ್ಲ ಕನಪ್ಪ” ಅಂದರು. ಬೈಯಲಿಲ್ಲ, ಅದೇ ಕಷ್ಟವಾಯಿತು.

ಹೊರಡುವಾಗ ಅವರ ಕಣ್ಣು ಕುಂಡದ ಮೇಲೆ ಬಿತ್ತು. ಕೆಂಪು ಬಳಿದ ಕುಂಡ, ಸುತ್ತ ಹೆಂಡತಿ ಬಿಟ್ಟ ರಂಗೋಲಿ, ಬುಡದಲ್ಲಿ ನಾನು ಆಗಷ್ಟೇ ಹುಯ್ದ ನೀರು. ಅಜ್ಜಿ ಗಿಡವನ್ನು ನೋಡಿದರು, ಬೀದಿಯಾಚೆಯ ಪೊದೆಯನ್ನು ನೋಡಿದರು, ನನ್ನನ್ನು ನೋಡಿದರು. ದನಿ ತಗ್ಗಿಸಿ, ಕನಿಕರದಿಂದ ಕೇಳಿದರು:

“ಹರಕೆಯಾ ಮಗಾ?”

“ಹೂಂ ಅವ್ವ,” ಅಂದೆ.